ಕಾಪು ರಸ್ತೆಯ ಘರ್ಷಣಾಂಕ

ಕೆಲಸ, ಚಲನಶಕ್ತಿ, ಸಾಮರ್ಥ್ಯ. ಈ ಮೂರರ ಪಾಠವನ್ನು ನಾನು ವರ್ಷಕ್ಕೊಂದು ಸಲ, ಎರಡು ಸೆಕ್ಷನ್ ಇದ್ದ ವರ್ಷಗಳಲ್ಲಿ ಎರಡು ಸಲ ಮಾಡಿದ್ದೇನೆ. ಗಂಟಲು ಕೈಕೊಟ್ಟದ್ದರಿಂದ ಐವತ್ತೆರಡಕ್ಕೇ ಸ್ವಯಂನಿವೃತ್ತಿ ತೆಗೆದುಕೊಂಡೆ. ಸೀಮೆಸುಣ್ಣದ ಧೂಳು ಎಂದು ಡಾಕ್ಟರರು ಹೇಳಿದರು. ಅದಕ್ಕಿಂತ ದೊಡ್ಡದೇನೋ ಇರಬೇಕು ಎಂದು ನಾನು ಇನ್ನೂ ಇಬ್ಬರು ಡಾಕ್ಟರರಿಗೆ ತೋರಿಸಿದೆ. ಅವರೂ ಧೂಳು ಎಂದೇ ಹೇಳಿದರು. ಸ್ವಲ್ಪ ನಿರಾಸೆಯಾಯಿತು.

ನನ್ನ ಜಾಗಕ್ಕೆ ಬಂದ ಹೊಸ ಉಪನ್ಯಾಸಕರು ಮನೆಗೆ ಬಂದು, "ಸರ್, ನಿಮ್ಮ ನೋಟ್ಸ್ ಉಂಟಾ?" ಎಂದು ಕೇಳಿದರು. ಉಂಟು, ಕೊಟ್ಟೆ. ಆದರೆ ನೋಟ್ಸಿನಲ್ಲಿ ಇಲ್ಲದ ಸಂಗತಿಗಳೇ ಈ ಕೆಲಸದಲ್ಲಿ ಹೆಚ್ಚು. ಅವುಗಳಲ್ಲಿ ಕೆಲವನ್ನು ಇಲ್ಲಿ ಬರೆಯುತ್ತಿದ್ದೇನೆ. ಎಲ್ಲವೂ ನನ್ನ ತಪ್ಪುಗಳೇ. ಸರಿಯಾಗಿ ಮಾಡಿದ ಪಾಠಗಳನ್ನು ಯಾರೂ ನೆನಪಿಟ್ಟುಕೊಂಡಿಲ್ಲ, ನಾನು ಕೂಡ.

ನನಗೆ ಮೊದಲು ಕೆಲಸ ಸಿಕ್ಕಿದ್ದು ಕಾರ್ಕಳದಲ್ಲಿ, ಎಪ್ಪತ್ತರ ದಶಕದ ಆರಂಭದಲ್ಲಿ. ಪದವಿಪೂರ್ವ ತರಗತಿ. ಪುಸ್ತಕ ಇಂಗ್ಲಿಷಿನಲ್ಲಿ, ಮಕ್ಕಳು ತುಳುವಿನಲ್ಲಿ ಅಥವಾ ಕೊಂಕಣಿಯಲ್ಲಿ, ನಾನು ನಡುವೆ ಕನ್ನಡದಲ್ಲಿ. ಅರ್ಗ್ ಹೋಗಿ ಜೂಲ್ ಬರುತ್ತಿದ್ದ ಕಾಲ ಅದು. ಅರ್ಗ್ ಎಂಬುದು ಎಷ್ಟು ಸಣ್ಣ ಅಳತೆಯೆಂದರೆ ಬೆಕ್ಕು ಎದ್ದು ಕೂತರೂ ಲೆಕ್ಕಕ್ಕೆ ಸೊನ್ನೆಗಳು ಸಾಲುತ್ತಿರಲಿಲ್ಲ. ಜೂಲ್ ಬಂದದ್ದು ನನಗೆ ಸಂತೋಷವೇ. ಆದರೆ ಪರೀಕ್ಷೆಯಲ್ಲಿ ಯಾವುದನ್ನು ಕೇಳಿಯಾರು ಎಂಬ ಹೆದರಿಕೆಯಿಂದ ಮೂರು ವರ್ಷ ಎರಡನ್ನೂ ಕಲಿಸಿದೆ. ಎರಡೂ ಕಲಸಿಹೋದವು.

ಮೊದಲ ತಿಂಗಳಲ್ಲೇ ಒಂದು ಎಡವಟ್ಟಾಯಿತು. ತಲೆಯ ಮೇಲೆ ಹೊರೆ ಹೊತ್ತು ಸಮತಟ್ಟಾದ ನೆಲದಲ್ಲಿ ಎಷ್ಟು ದೂರ ನಡೆದರೂ ಆ ಹೊರೆಯ ಮೇಲೆ ಮಾಡಿದ ಕೆಲಸ ಸೊನ್ನೆ, ಯಾಕೆಂದರೆ ಬಲ ಮೇಲಕ್ಕೆ, ಚಲನೆ ಅಡ್ಡಕ್ಕೆ ಎಂದು ಪಾಠ ಮಾಡುತ್ತಿದ್ದೆ. ಪ್ರಯೋಗಶಾಲೆಯಿಂದ ತೂಕದ ಕಲ್ಲುಗಳ ಪೆಟ್ಟಿಗೆಯನ್ನು ಹೊತ್ತು ತಂದ ನಮ್ಮ ಅಟೆಂಡರ್ ಬಾಗಿಲಲ್ಲಿ ನಿಂತು ಪೂರ್ತಿ ಕೇಳಿದ. ಪೆಟ್ಟಿಗೆಯನ್ನು ಅಲ್ಲೇ ಇಳಿಸಿ ಹೋದ. ಮರುದಿನದಿಂದ ಆ ಪೆಟ್ಟಿಗೆಯನ್ನು ನಾನೇ ಹೊತ್ತೆ. ಸೊನ್ನೆಯ ಭಾರ ಎಷ್ಟೆಂದು ಸೊಂಟಕ್ಕೆ ಗೊತ್ತಾಯಿತು.

ಆಮೇಲೆ ಮೆಟ್ಟಿಲಿನ ಪ್ರಯೋಗ. ಸಾಮರ್ಥ್ಯ ಎಂದರೆ ಕೆಲಸವನ್ನು ಎಷ್ಟು ಬೇಗ ಮಾಡಿದೆವು ಎಂಬುದು. ಅದನ್ನು ಹಲಗೆಯ ಮೇಲೆ ಹೇಳುವುದಕ್ಕಿಂತ ಊರಿನ ಬೆಟ್ಟದ ಮೆಟ್ಟಿಲು ಹತ್ತಿಸಿ ತೋರಿಸೋಣ ಎಂದು ಮಕ್ಕಳನ್ನು ಕರೆದುಕೊಂಡು ಹೋದೆ. ಪ್ರತಿಯೊಬ್ಬನ ತೂಕ ಮೊದಲೇ ಬರೆದುಕೊಂಡಿದ್ದೆ. ಎತ್ತರ ಬೇಕಲ್ಲ? ಕೆಳಗಿನ ಮೆಟ್ಟಿಲೊಂದನ್ನು ಅಡಿಪಟ್ಟಿಯಿಂದ ಅಳೆದು, ಮೆಟ್ಟಿಲುಗಳ ಸಂಖ್ಯೆಯಿಂದ ಗುಣಿಸಿದೆ. ಮಕ್ಕಳು ಓಡಿದರು, ನಾನು ಮೇಲೆ ಸ್ಟಾಪ್‌ವಾಚ್ ಹಿಡಿದು ಎಲ್ಲರೂ ಎದೆನೋವಿನಿಂದ ಬೀಳುತ್ತಾರೆಂದು ಹೆದರುತ್ತ ನಿಂತೆ. ಯಾರೂ ಬೀಳಲಿಲ್ಲ. ಲೆಕ್ಕ ಹಾಕಿದಾಗ ಅತಿ ಸಣಕಲ ಹುಡುಗನ ಸಾಮರ್ಥ್ಯ ಒಂದೂವರೆ ಕುದುರೆಗೆ ಸಮ ಬಂತು.

ಪ್ರಿನ್ಸಿಪಾಲರು ವರದಿ ನೋಡಿ ಕೇಳಿದರು: "ಇವನು ಯಾಕೆ ಕಾಲೇಜಿಗೆ ಬರುವುದು? ಗಾಡಿಗೆ ಕಟ್ಟಬಹುದಲ್ಲ?"

ಮತ್ತೆ ಹೋಗಿ ನೋಡಿದೆ. ಕೆಳಗಿನ ಮೆಟ್ಟಿಲುಗಳು ಎತ್ತರ, ಮೇಲೆ ಬಂಡೆಯಲ್ಲೇ ಕಡಿದವು ಗಿಡ್ಡ. ನಾನು ಬಗ್ಗಲು ಸುಲಭವಾದ ಜಾಗದಲ್ಲಿ ಅಳೆದು, ಉಳಿದವೂ ಹಾಗೆಯೇ ಇರುತ್ತವೆಂದು ನಂಬಿದ್ದೆ. ಇದರಿಂದ ಪಾಠ ಕಲಿತೆ ಎಂದು ಆಗ ಅಂದುಕೊಂಡೆ. ಕಲಿತಿರಲಿಲ್ಲ ಎಂಬುದು ಹತ್ತು ವರ್ಷದ ಮೇಲೆ ಒಬ್ಬನ ಅನ್ನದ ವಿಷಯದಲ್ಲಿ ಗೊತ್ತಾಯಿತು. ಹೇಳಬೇಕಾದದ್ದು ನಿಜವಾಗಿ ಅದನ್ನೇ.

ಆತನ ಹೆಸರು ವಾಸಣ್ಣ. ಉಡುಪಿಯ ಒಂದು ಖಾಸಗಿ ಬಸ್ಸಿನ ಡ್ರೈವರ್. ಅವನ ಪರಿಚಯವಾದದ್ದು ಮಣಿಪಾಲದ ಏರಿನಲ್ಲಿ. ನಾನಾಗ ಉಡುಪಿಯಲ್ಲಿ ಮನೆ ಮಾಡಿದ್ದೆ, ಮಣಿಪಾಲದಲ್ಲಿದ್ದ ಅಕ್ಕನ ಮನೆಗೆ ಭಾನುವಾರ ಹೋಗುತ್ತಿದ್ದೆ. ಒಂದು ದಿನ ಬಸ್ಸಿನಲ್ಲಿ ಕಾಲಿಡಲು ಜಾಗವಿಲ್ಲದಷ್ಟು ಜನ. ಏರಿನ ಅರ್ಧದಲ್ಲಿ ಎಂಜಿನ್ ನರಳತೊಡಗಿತು. ಬಸ್ಸು ಹಿಂದಕ್ಕೆ ಉರುಳಿದರೆ ಎಲ್ಲಿ ನಿಂತೀತು ಎಂದು ನಾನು ಆಗಲೇ ಮನಸ್ಸಿನಲ್ಲಿ ಲೆಕ್ಕ ಹಾಕಿ ಆಗಿತ್ತು. ಮುಂದೆ ಬಾಗಿ ಹೇಳಿದೆ:

"ನೋಡಿ, ಎಂಜಿನ್ನಿನ ಸಾಮರ್ಥ್ಯ ಇಷ್ಟೇ ಅಂತ ಉಂಟು. ಬಲವನ್ನು ವೇಗದಿಂದ ಗುಣಿಸಿದರೆ ಸಾಮರ್ಥ್ಯ. ಬಲ ಜಾಸ್ತಿ ಬೇಕಾದರೆ ವೇಗ ಕಡಿಮೆ ಮಾಡಬೇಕು."

ಅವನು ಗೇರು ಇಳಿಸುತ್ತ ಹಿಂದೆ ನೋಡದೆ ಹೇಳಿದ: "ಅದಕ್ಕೇ ಅಲ್ವಾ ಫಸ್ಟ್ ಗೇರ್ ಇರುವುದು, ಮೇಷ್ಟ್ರೇ. ಅರ್ಜೆಂಟ್ ಇದ್ದರೆ ನೀವು ಇಳಿದು ನಡೆಯಿರಿ. ಅಷ್ಟು ಭಾರ ಕಮ್ಮಿ ಆಗ್ತದೆ."

ಬಸ್ಸೆಲ್ಲ ನಕ್ಕಿತು. ಭೌತಶಾಸ್ತ್ರದ ದೃಷ್ಟಿಯಿಂದ ಎರಡೂ ಮಾತು ಸರಿಯಿತ್ತು. ಅದೇ ನನಗೆ ಹೆಚ್ಚು ಚುಚ್ಚಿತು.

ಎಂಬತ್ತರ ದಶಕದ ಆರಂಭದಲ್ಲಿ ನನಗೆ ಕಾಪುವಿನ ಕಾಲೇಜಿಗೆ ವರ್ಗವಾಯಿತು. ಬೆಳಿಗ್ಗೆ ಉಡುಪಿಯಿಂದ ಹೊರಡುವ ಬಸ್ಸು ಹತ್ತಿದೆ. ಕಾಪು, ಪಡುಬಿದ್ರಿಯ ಮೇಲೆ ಕಾರ್ಕಳಕ್ಕೆ ಹೋಗುವ ಬಸ್ಸು. ಸ್ಟಿಯರಿಂಗಿನಲ್ಲಿ ವಾಸಣ್ಣ.

"ಬನ್ನಿ ಮೇಷ್ಟ್ರೇ," ಎಂದ. "ಇಲ್ಲಿ ಏರು ಇಲ್ಲ. ಕೂತುಕೊಳ್ಳಿ."

ನಾನು ಅವನ ಬೆನ್ನಿಗಿರುವ ಸೀಟಿನಲ್ಲೇ ಕೂರುತ್ತಿದ್ದೆ. ಬಸ್ಸಿನ ಸ್ಪೀಡೋಮೀಟರಿನ ಮುಳ್ಳು ಬಹಳ ವರ್ಷಗಳಿಂದ ಸೊನ್ನೆಯ ಮೇಲೆ ಮಲಗಿತ್ತು. ಹಾಗಾಗಿ ವೇಗದ ಬಗ್ಗೆ ನನ್ನ ಅಭಿಪ್ರಾಯಕ್ಕೆ ವಿರುದ್ಧವಾದ ಸಾಕ್ಷ್ಯ ಇರಲಿಲ್ಲ. ನನ್ನ ಅಭಿಪ್ರಾಯ ಯಾವಾಗಲೂ ಒಂದೇ: ಜಾಸ್ತಿಯಾಯಿತು. ವೇಗ ಎರಡು ಪಟ್ಟಾದರೆ ಚಲನಶಕ್ತಿ ನಾಲ್ಕು ಪಟ್ಟಾಗುತ್ತದೆ ಎಂದು ಅವನಿಗೆ ವಾರಕ್ಕೊಮ್ಮೆಯಾದರೂ ಹೇಳುತ್ತಿದ್ದೆ. "ಹೌದಾ?" ಎನ್ನುತ್ತಿದ್ದ. ಬಸ್ಸಿನ ಮಾಲೀಕರಿಗೆ, ಎಲ್ಲರೂ ಧಣಿಗಳು ಎಂದು ಕರೆಯುತ್ತಿದ್ದವರಿಗೆ, ಮೂರು ಪತ್ರಗಳನ್ನೂ ಬರೆದೆ. ಒಂದಕ್ಕೂ ಉತ್ತರ ಬರಲಿಲ್ಲ.

ಇನ್ನೊಂದು ಅಭ್ಯಾಸವನ್ನು ಇಲ್ಲಿ ಹೇಳಬೇಕು. ಕಾಪು ಮುಟ್ಟುವುದಕ್ಕೆ ಸ್ವಲ್ಪ ಮೊದಲು, ಕಡಲಿನಿಂದ ಬರುವ ದಾರಿ ಹೆದ್ದಾರಿಗೆ ಸೇರುವಲ್ಲಿ, ಮೀನಿನ ವಾಸನೆ ಗೋಡೆಯ ಹಾಗೆ ನಿಂತಿರುತ್ತಿತ್ತು. ನಾನು ಉಡುಪಿಯ ರಥಬೀದಿಯ ಹತ್ತಿರ ಹುಟ್ಟಿ, ಸಾರಿನ ಒಗ್ಗರಣೆಯಲ್ಲಿ ಬೆಳೆದ ಭಟ್ಟರ ಮನೆಯವನು. ಆ ಜಾಗ ಬಂತೆಂದರೆ ಕರವಸ್ತ್ರವನ್ನು ಮೂಗಿಗೆ ಒತ್ತಿ, ಕಣ್ಣನ್ನೂ ಮುಚ್ಚಿ, ಮನಸ್ಸಿನಲ್ಲಿ ನೂರರವರೆಗೆ ಎಣಿಸುತ್ತಿದ್ದೆ. ಕಣ್ಣು ಯಾಕೆ ಮುಚ್ಚಬೇಕು ಎಂದು ಕೇಳಬೇಡಿ. ಎರಡೂ ಒಟ್ಟಿಗೆ ಮುಚ್ಚಿಹೋಗುತ್ತಿದ್ದವು.

ಚೌತಿ ಕಳೆದು ಬೂತಾಯಿ ಮೀನಿನ ಸುಗ್ಗಿ ಶುರುವಾಗಿತ್ತು. ಒಂದು ಬೆಳಿಗ್ಗೆ ಒಂಬತ್ತರ ಹೊತ್ತಿಗೆ ನಾನು ನಲವತ್ತರವರೆಗೆ ಎಣಿಸಿರಬೇಕು, ಬ್ರೇಕಿನ ಶಬ್ದ ಕೇಳಿತು. ನನ್ನ ಹಣೆ ಮುಂದಿನ ಕಂಬಿಗೆ ಬಡಿಯಿತು. ಬಸ್ಸು ಹೋಗುತ್ತಲೇ ಇತ್ತು, ಹೋಗುತ್ತಲೇ ಇತ್ತು, ಕೊನೆಗೆ ಎಳನೀರಿನ ರಾಶಿಯೊಂದಕ್ಕೆ ಒಂದು ಮೊಳ ಇರುವಾಗ ನಿಂತಿತು. ಅಡ್ಡ ಬಂದ ಕರು ಪಕ್ಕದಲ್ಲೇ ನಿಂತು ನಮ್ಮನ್ನು ನೋಡುತ್ತಿತ್ತು. ಬಸ್ಸು ಯಾವುದಕ್ಕೂ ತಾಗಿರಲಿಲ್ಲ. ಆದರೆ ನಿಂತುಕೊಂಡಿದ್ದವರು ಒಬ್ಬರ ಮೇಲೊಬ್ಬರು ಬಿದ್ದು, ಮೊಂತಿ ಬಾಯಿ ಎಂಬ ಅಜ್ಜಿಯ ಮಣಿಕಟ್ಟು ಮುರಿಯಿತು. ಅವರನ್ನು ರಿಕ್ಷಾದಲ್ಲಿ ಆಸ್ಪತ್ರೆಗೆ ಕಳಿಸಿದರು. ನನಗೆ ಒಂಬತ್ತೂವರೆಗೆ ಕ್ಲಾಸಿತ್ತು. ಇಳಿದು, ಕರವಸ್ತ್ರ ತೆಗೆಯದೆ, ಹಿಂದೆ ತಿರುಗಿ ನೋಡದೆ ಕಾಲೇಜಿಗೆ ನಡೆದೆ.

ನಾಲ್ಕು ದಿನದ ಮೇಲೆ ಧಣಿಗಳು ಹೇಳಿ ಕಳಿಸಿದರು. ಉಡುಪಿಯ ಅವರ ಆಫೀಸಿಗೆ ಹೋದೆ. ಮೇಜಿನ ಮೇಲೆ ನನ್ನ ಮೂರು ಪತ್ರಗಳಿದ್ದವು. ಬಾಗಿಲ ಹತ್ತಿರ ವಾಸಣ್ಣ ನಿಂತಿದ್ದ.

"ಮೇಷ್ಟ್ರೇ," ಎಂದರು ಧಣಿಗಳು, "ಇವನು ಬಸ್ಸು ನಲವತ್ತೈದರ ಒಳಗೆ ಇತ್ತು ಅನ್ನುತ್ತಾನೆ. ಅಜ್ಜಿಯ ಮಗ ಎಂಬತ್ತರಲ್ಲಿ ಇತ್ತು ಅಂತ ಟ್ರಂಕ್ ಕಾಲ್ ಮಾಡಿದ್ದಾನೆ. ಅವನು ಮಾತಾಡಿದ್ದು ದುಬೈಯಿಂದ. ನೀವು ಬಸ್ಸಿನಲ್ಲೇ ಇದ್ದಿರಿ, ಮುಂದಿನ ಸೀಟು, ಅದರ ಮೇಲೆ ಫಿಸಿಕ್ಸು. ಎಷ್ಟರಲ್ಲಿತ್ತು?"

ಕಣ್ಣು ಮುಚ್ಚಿಕೊಂಡಿದ್ದೆ ಎಂದು ಹೇಳಲು ಬಾಯಿ ಬರಲಿಲ್ಲ. "ಲೆಕ್ಕ ಹಾಕಬಹುದು," ಎಂದೆ.

"ನನ್ನ ಬಸ್ಸಿಗೆ ಐವತ್ತು. ಐವತ್ತರ ಒಳಗೆ ಇದ್ದರೆ ಇವನ ತಪ್ಪಿಲ್ಲ. ಮೇಲೆ ಇದ್ದರೆ ಕೀಲಿಕೈ ಇಲ್ಲಿ ಇಟ್ಟು ಹೋಗಲಿ. ನಾನು ಅಂದಾಜಿನಲ್ಲಿ ಯಾರ ಅನ್ನವನ್ನೂ ಕಿತ್ತವನಲ್ಲ. ಅದಕ್ಕೇ ನಿಮ್ಮನ್ನು ಕರೆಸಿದ್ದು."

ವಾಸಣ್ಣ ಹೇಳಿದ: "ಧಣಿ, ಬ್ರೇಕು ಹಿಡಿದಿದೆ. ಚಕ್ರ ನಿಂತಿದೆ. ಬಸ್ಸು ನಿಲ್ಲಲಿಲ್ಲ. ಜಾರಿತು."

"ಜಾರಿತು ಅಂತ ಎಲ್ಲ ಡ್ರೈವರುಗಳೂ ಹೇಳುವುದೇ ಮಾರಾಯ."

ನಾನು ಗಂಟಲು ಸರಿಮಾಡಿಕೊಂಡು, "ಘರ್ಷಣೆ ಎಂಬುದು ನಂಬಿಕೆಯ ವಿಷಯ ಅಲ್ಲ, ಅಳತೆಯ ವಿಷಯ," ಎಂದೆ. ಆ ವಾಕ್ಯ ನೆನಪಾದಾಗ ಈಗಲೂ ಕಾಫಿ ಕಹಿಯಾಗುತ್ತದೆ.

ಪೊಲೀಸರು ಹನ್ನೊಂದು ಗಂಟೆಗೆ ಬಂದು ಚಕ್ರ ಎಳೆದ ಗುರುತನ್ನು ಅಳೆದಿದ್ದರು: ಇಪ್ಪತ್ತೈದು ಮೀಟರು. ನನಗೆ ಅಷ್ಟು ಸಾಕು. ಓಡುತ್ತಿದ್ದ ಬಸ್ಸಿನಲ್ಲಿ ಚಲನಶಕ್ತಿ ಇತ್ತು. ಚಕ್ರ ನಿಂತ ಮೇಲೆ ಟಯರನ್ನು ರಸ್ತೆ ಹಿಡಿದು ಎಳೆಯಿತು. ರಸ್ತೆ ಮಾಡಿದ ಈ ಕೆಲಸವೇ ಆ ಚಲನಶಕ್ತಿಯನ್ನು ಪೂರ್ತಿ ತಿಂದುಹಾಕಿದ್ದು. ಎರಡನ್ನೂ ಸಮ ಮಾಡಿದರೆ ವೇಗ ಸಿಗುತ್ತದೆ. ಬೇಕಾದದ್ದು ಇನ್ನೊಂದೇ ಅಂಕಿ: ರಸ್ತೆ ಟಯರನ್ನು ಎಷ್ಟು ಬಿಗಿಯಾಗಿ ಹಿಡಿಯುತ್ತದೆ ಎಂಬ ಘರ್ಷಣಾಂಕ. ಪುಸ್ತಕದ ಕೋಷ್ಟಕದಲ್ಲಿತ್ತು: ರಬ್ಬರು ಮತ್ತು ಡಾಂಬರು, ೦.೭. ನನಗೆ ಬಾಯಿಪಾಠವಿತ್ತು.

"ಬಸ್ಸಿನಲ್ಲಿ ಎಷ್ಟು ಜನ ಇದ್ದರು ಅಂತ ಬೇಡವೋ?" ಎಂದು ಧಣಿಗಳು ಕೇಳಿದರು.

"ಬೇಡ. ತೂಕ ಎರಡೂ ಕಡೆ ಬರುತ್ತದೆ, ಹೊಡೆದುಹೋಗುತ್ತದೆ."

"ಹಾಗಾದರೆ ಓವರ್‌ಲೋಡಿಗೂ ಇದಕ್ಕೂ ಸಂಬಂಧ ಇಲ್ಲ?"

"ಈ ಲೆಕ್ಕದಲ್ಲಿ ಇಲ್ಲ."

"ಒಳ್ಳೆಯ ಶಾಸ್ತ್ರ," ಎಂದರು.

ಲಾಗರಿದಮ್ ಪುಸ್ತಕ ತೆಗೆದು ವರ್ಗಮೂಲ ಹಾಕಿದೆ. ಗಂಟೆಗೆ ಹತ್ತಿರಹತ್ತಿರ ಅರುವತ್ತಾರು ಮುಕ್ಕಾಲು ಕಿಲೋಮೀಟರು ಬಂತು. ನಾನು ದಶಮಾಂಶದಲ್ಲಿ ೬೬.೭ ಎಂದು ಬರೆದು ಸಹಿ ಹಾಕಿದೆ. ಬಿಂದುವಿನ ಆಚೆಗಿನ ಆ ಏಳಕ್ಕೆ ಎಷ್ಟು ತೂಕವಿತ್ತೆಂದರೆ ಧಣಿಗಳು ಎರಡನೆಯ ಪ್ರಶ್ನೆ ಕೇಳಲಿಲ್ಲ. ಸುಳ್ಳು ಹೇಳಬಾರದು: ನನಗೆ ಆಗ ಸ್ವಲ್ಪ ಸಂತೋಷವೂ ಆಗಿತ್ತು. ಮೂರು ಪತ್ರಗಳಿಗೆ ಒಟ್ಟಿಗೆ ಉತ್ತರ ಸಿಕ್ಕ ಹಾಗೆ.

ವಾಸಣ್ಣ ಕೀಲಿಕೈಯನ್ನು ಮೇಜಿನ ಮೇಲಿಟ್ಟ. "ಹದಿನಾಲ್ಕು ವರ್ಷ ಆಯಿತು ಧಣಿ," ಎಂದ. ನನ್ನ ಕಡೆ ಒಮ್ಮೆ ನೋಡಿ ಹೋದ. ಒಂದನೇ ತಾರೀಕಿಗೆ ಹೊಸ ಡ್ರೈವರನನ್ನು ಖಾಯಂ ಮಾಡುವುದಾಗಿ, ಅಲ್ಲಿಯವರೆಗೆ ಬದಲಿಯವನು ಓಡಿಸುವುದಾಗಿ ಧಣಿಗಳು ಹೇಳಿದರು. ಒಂದನೇ ತಾರೀಕಿಗೆ ಇನ್ನು ಹನ್ನೆರಡು ದಿನವಿತ್ತು.

ಇಷ್ಟಕ್ಕೆ ನಿಲ್ಲಿಸಿದ್ದರೆ ನನ್ನ ತಪ್ಪು ನನಗೇ ಗೊತ್ತಾಗುತ್ತಿರಲಿಲ್ಲ. ಆದರೆ ಒಳ್ಳೆಯ ಉದಾಹರಣೆ ಸಿಕ್ಕಿದಾಗ ಸುಮ್ಮನಿರುವ ಮೇಷ್ಟ್ರನ್ನು ನಾನು ನೋಡಿಲ್ಲ. ಮರುವಾರ ಕ್ಲಾಸಿನಲ್ಲಿ ಅದನ್ನೇ ಲೆಕ್ಕವಾಗಿ ಹಲಗೆಯ ಮೇಲೆ ಬರೆದೆ. ಬಸ್ಸು, ಇಪ್ಪತ್ತೈದು ಮೀಟರು, ಘರ್ಷಣಾಂಕ ೦.೭, ವೇಗವೆಷ್ಟು? ಯಾವ ಬಸ್ಸೆಂದು ಎಲ್ಲರಿಗೂ ಗೊತ್ತಿತ್ತು.

ಎರಡನೇ ಬೆಂಚಿನಿಂದ ಸುಮತಿ ಎದ್ದು ನಿಂತಳು. ಕಡಲ ಬದಿಯ ಮನೆಯವಳು, ಮಾತು ಕಡಿಮೆ.

"ಸರ್, ಈ ೦.೭ ಎಷ್ಟು ಗಂಟೆಗೆ?"

"ಎಷ್ಟು ಗಂಟೆಗೆ ಅಂದರೆ ಎಂತ?"

"ಒಂಬತ್ತಕ್ಕೆ ಬೇರೆ, ಮಧ್ಯಾಹ್ನಕ್ಕೆ ಬೇರೆ ಅಲ್ವಾ ಸರ್? ಬೆಳಿಗ್ಗೆ ಬೂತಾಯಿ ಲಾರಿಯವರು ಅಲ್ಲಿ ನೀರು ಬಸಿಯಲಿಕ್ಕೆ ನಿಲ್ಲಿಸ್ತಾರೆ. ನೀರಿನ ಭಾರ ಇಳಿಸಿ ಮತ್ತೆ ಮಂಗಳೂರಿಗೆ ಹೋಗುವುದು. ಆ ನೀರಿನಲ್ಲಿ ಎಣ್ಣೆ ಇರ್ತದೆ. ನಾವು ಅಲ್ಲಿ ಚಪ್ಪಲಿ ಕೈಯಲ್ಲಿ ಹಿಡ್ಕೊಂಡು ನಡೆಯುವುದು. ಬಿಸಿಲು ಏರಿದ ಮೇಲೆ ಒಣಗ್ತದೆ."

ನಾನು ಹಲಗೆಯ ಕಡೆ ತಿರುಗಿ ನಿಂತೆ.

"ಸರ್, ನೀವು ದಿನಾ ಆ ಬಸ್ಸಿನಲ್ಲೇ ಬರುವುದಲ್ವಾ?" ಎಂದಳು. ಅವಳು ಕುಚೋದ್ಯಕ್ಕೆ ಕೇಳಿದ್ದಲ್ಲ. ಎಂಟು ತಿಂಗಳು ದಿನಕ್ಕೆರಡು ಸಲ ಆ ರಸ್ತೆಯ ಮೇಲೆ ಹೋದ ಭೌತಶಾಸ್ತ್ರಜ್ಞನಿಗೆ ರಸ್ತೆ ಒದ್ದೆಯೆಂದು ಗೊತ್ತಿರಲಿಲ್ಲ. ಸಾಕ್ಷ್ಯ ತಾನಾಗಿ ಮೂಗಿನವರೆಗೆ ಬರುತ್ತಿತ್ತು. ನಾನು ಕರವಸ್ತ್ರ ಹಿಡಿದು ತಡೆದಿದ್ದೆ.

ಎರಡು ದಿನ ಊಟ ಸೇರಲಿಲ್ಲ. ಸಹಿ ಹಾಕಿ ಕೊಟ್ಟದ್ದು ತಪ್ಪಾದರೆ ಕೆಲಸ ಹೋಗುತ್ತದೆಯೇ, ಪೇಪರಿನಲ್ಲಿ ಬರುತ್ತದೆಯೇ, ಕೋರ್ಟಿಗೆ ಹೋದರೆ ಜಾಮೀನಿಗೆ ಯಾರು ಎಂದೆಲ್ಲ ಯೋಚಿಸಿದೆ. ವಾಸಣ್ಣನ ಮನೆಯಲ್ಲಿ ಊಟ ಹೇಗೆ ನಡೆಯುತ್ತಿದೆ ಎಂಬ ಯೋಚನೆ ಇವೆಲ್ಲ ಮುಗಿದ ಮೇಲೆ ಬಂತು. ಚಿಂತೆ ಮಾಡುವವರು ಪರರ ಬಗ್ಗೆ ಮರುಗುವವರು ಎಂದು ಯಾರಾದರೂ ಹೇಳಿದರೆ ನಂಬಬೇಡಿ.

ಪ್ರಿನ್ಸಿಪಾಲರಿಗೆ ಹೇಳಿದೆ. ಅವರು ಕಾರ್ಕಳದವರಲ್ಲ, ಬೇರೆಯವರು, ಆದರೆ ಪ್ರಿನ್ಸಿಪಾಲರ ಧಾಟಿ ಎಲ್ಲ ಕಡೆ ಒಂದೇ.

"ನೀವು ಬರೆದು ಕೊಟ್ಟಾಯಿತು. ಈಗ ತಪ್ಪು ಅಂದರೆ ಕಾಲೇಜಿನ ಮರ್ಯಾದೆ ಎಂತ ಆಗ್ತದೆ? ಸುಮ್ಮನೆ ಇರಿ ಮಾರಾಯ್ರೆ."

"ಸುಮ್ಮನೆ ಇರಲಿಕ್ಕೆ ಆಗುವುದಿಲ್ಲ ಸರ್. ಹುಡುಗಿ ಕ್ಲಾಸಿನಲ್ಲೇ ಕೇಳಿದ್ದಾಳೆ."

"ಈಗ ಎಂತ ಮಾಡುವುದು ಅಂತ?"

"ರಸ್ತೆಗೆ ಹೋಗಿ ಅಳೆಯುವುದು."

ಅವರು ಉಪಕರಣಗಳ ರಿಜಿಸ್ಟರಿಗೆ ರುಜು ಹಾಕಿ ನನ್ನ ಕಡೆ ತಳ್ಳಿದರು. "ಸ್ಪ್ರಿಂಗ್ ಬ್ಯಾಲೆನ್ಸಿಗೆ ಉಪ್ಪುನೀರು ತಾಗಿ ತುಕ್ಕು ಹಿಡಿದರೆ ನಿಮ್ಮ ತಲೆಗೆ."

ಶನಿವಾರ ಬೆಳಿಗ್ಗೆ ಒಂಬತ್ತಕ್ಕೆ ಸುಮತಿ ಮತ್ತು ಇನ್ನು ನಾಲ್ವರು ವಿದ್ಯಾರ್ಥಿಗಳ ಜೊತೆ ಆ ಜಾಗಕ್ಕೆ ಹೋದೆ. ಮರದ ಪೆಟ್ಟಿಗೆಯೊಂದರ ತಳಕ್ಕೆ ಹಳೆ ಟಯರಿನ ತುಂಡು ಹೊಡೆದು, ಒಳಗೆ ಇಟ್ಟಿಗೆ ತುಂಬಿ, ಸರಿಯಾಗಿ ಹತ್ತು ಕಿಲೋ ಮಾಡಿದ್ದೆವು. ಸ್ಪ್ರಿಂಗ್ ಬ್ಯಾಲೆನ್ಸ್ ಸಿಕ್ಕಿಸಿ ಒಂದೇ ಸಮನೆ ಎಳೆದರೆ, ಎಷ್ಟು ಕಿಲೋ ತೋರಿಸುತ್ತದೋ ಅದರ ಹತ್ತನೇ ಒಂದು ಭಾಗವೇ ಘರ್ಷಣಾಂಕ. ಮೀನಿನ ಬುಟ್ಟಿ ಹೊತ್ತ ಮೂವರು ಹೆಂಗಸರು ನಿಂತು ನೋಡಿದರು. ಪಂಚೆ ಎತ್ತಿ ಕಟ್ಟಿ, ತೂಕದ ಯಂತ್ರ ಹಿಡಿದು, ಬೂತಾಯಿ ನೀರಿನಲ್ಲಿ ನಿಂತ ಭಟ್ಟರನ್ನು ಅವರು ಮೊದಲು ನೋಡಿರಲಿಕ್ಕಿಲ್ಲ.

"ಭಟ್ರೇ, ಎಷ್ಟು ಕಿಲೋ ಬೇಕು?" ಎಂದಳು ಹಿರಿಯವಳು ತುಳುವಿನಲ್ಲಿ.

"ಮೀನು ಬೇಡಮ್ಮ. ರಸ್ತೆ ಎಷ್ಟು ಜಾರ್ತದೆ ಅಂತ ನೋಡುವುದು."

"ಅದಕ್ಕೆ ಯಂತ್ರ ಯಾಕೆ? ನಡೆದರೆ ಸಾಕು."

ನಾನು ಎರಡು ಹೆಜ್ಜೆ ನಡೆದೆ. ಪ್ರಯೋಗವನ್ನು ಒಂದೇ ವಿಧಾನದಿಂದ ಮಾಡಿ ನಂಬಬಾರದು ಎಂದು ನಾವು ಕಲಿಸುತ್ತೇವಲ್ಲ, ಎರಡನೆಯ ವಿಧಾನದಿಂದಲೂ ಅದೇ ಫಲಿತಾಂಶ ಬಂತು: ಕೂತುಬಿಟ್ಟೆ. ಅವಳೇ ಬುಟ್ಟಿ ಇಳಿಸಿ ರಟ್ಟೆ ಹಿಡಿದು ಎತ್ತಿದಳು.

"ಏಳಿ ಏಳಿ. ಮಡಿ ಹೋಗಿಯಾಯಿತು, ಇನ್ನು ಹೆದರಲಿಕ್ಕೆ ಎಂತ ಉಂಟು?"

ಬ್ಯಾಲೆನ್ಸ್ ಮೂರು ಕಿಲೋ ತೋರಿಸಿತು. ಐದು ಸಲ ಎಳೆದೆವು. ಮೂರರ ಆಸುಪಾಸು. ಅಂದರೆ ೦.೩. ನಾನು ವರ್ಗಮೂಲ ಹಾಕಬೇಕೆನ್ನುವಷ್ಟರಲ್ಲಿ ಸುಮತಿ ಹೇಳಿದಳು: "ನಲವತ್ತನಾಲ್ಕರ ಹತ್ತಿರ ಬರ್ತದೆ ಸರ್." ಮನೆಯಲ್ಲೇ ಹಾಕಿಕೊಂಡು ಬಂದಿದ್ದಳು.

ಅದೇ ಹೊತ್ತಿಗೆ ಒಂದು ಮೀನಿನ ಲಾರಿ ಬಂದು ನಿಂತಿತು. ಹಿಂದಿನ ಹಲಗೆಯ ಸಂದಿನಿಂದ ನೀರು ಸುರಿಯತೊಡಗಿತು. ಡ್ರೈವರಿನ ಬಾಗಿಲು ತೆಗೆದು ಇಳಿದವನು ವಾಸಣ್ಣ. ಬಸ್ಸು ಹೋದ ಮೇಲೆ ಅವನಿಗೆ ಸಿಕ್ಕಿದ್ದು ಅದೊಂದೇ ಕೆಲಸ. ತನ್ನ ಅನ್ನ ಕಿತ್ತ ನೀರನ್ನು ಈಗ ಅವನೇ ದಿನಾ ತಂದು ಅಲ್ಲಿ ಸುರಿಯುತ್ತಿದ್ದ.

ನನ್ನನ್ನು, ಪೆಟ್ಟಿಗೆಯನ್ನು, ನನ್ನ ಪಂಚೆಯ ಹಿಂಭಾಗವನ್ನು ನೋಡಿದ. "ಬಸ್ಸಿನ ಲೆಕ್ಕ ಮುಗಿಯಿತು ಮೇಷ್ಟ್ರೇ, ಈಗ ಲಾರಿಯದ್ದಾ?"

"ವಾಸಣ್ಣ, ಈ ಮೀನಿನ ನೀರಿನ ವಿಷಯ ಅಲ್ಲಿ ಯಾಕೆ ಹೇಳಲಿಲ್ಲ?"

"ಜಾರಿತು ಅಂತ ಹೇಳಿದೆನಲ್ಲ."

"ಯಾಕೆ ಜಾರಿತು ಅಂತ ಹೇಳಬೇಕಿತ್ತು."

ಅವನು ಬೀಡಿ ಹಚ್ಚಿದ. "ನಿಮಗೆ ಹೇಳಬೇಕಾ? ದಿನಾ ಇದೇ ಜಾಗಕ್ಕೆ ಸರಿಯಾಗಿ ಮೂಗು ಮುಚ್ಚಿಕೊಳ್ಳುವವರು ನೀವು. ಕನ್ನಡಿಯಲ್ಲಿ ಕಾಣ್ತಿತ್ತು. ಇಡೀ ಬಸ್ಸಿನಲ್ಲಿ ಇಲ್ಲಿ ಮೀನು ಉಂಟು ಅಂತ ಚೆನ್ನಾಗಿ ಗೊತ್ತಿದ್ದವರು ನೀವೊಬ್ಬರೇ. ಗೊತ್ತಿದ್ದೇ ಬರೆದದ್ದು ಅಂತ ತಿಳಿದೆ."

ಗೊತ್ತಿರಲಿಲ್ಲ ಎಂದೆ. ಅವನು ನಂಬಿದನೋ ಇಲ್ಲವೋ ತಿಳಿಯಲಿಲ್ಲ. ಗೊತ್ತಿದ್ದು ಬರೆಯುವ ಕೆಟ್ಟವನೆಂದು ತಿಳಿಯುವುದು ಒಳ್ಳೆಯದೋ, ಗೊತ್ತಿಲ್ಲದೆ ಬರೆಯುವ ಮೂರ್ಖನೆಂದು ತಿಳಿಯುವುದು ಒಳ್ಳೆಯದೋ ಎಂದು ನಾನೂ ತೀರ್ಮಾನಿಸಲಿಲ್ಲ.

ಹನ್ನೊಂದರವರೆಗೆ ಅಲ್ಲೇ ಕಾದೆವು. ಲಾರಿಗಳು ಹೋದವು, ಬಿಸಿಲು ಏರಿತು, ರಸ್ತೆ ಒಣಗಿತು. ಮತ್ತೆ ಪೆಟ್ಟಿಗೆ ಎಳೆದೆವು. ಬ್ಯಾಲೆನ್ಸ್ ಸರಿಯಾಗಿ ಏಳು ತೋರಿಸಿತು. ಪುಸ್ತಕದಲ್ಲಿ ತಪ್ಪಿರಲಿಲ್ಲ. ಪೊಲೀಸರು ಬಂದ ಹೊತ್ತಿಗೆ ಅದು ಸರಿಯಿತ್ತು.

ಸೋಮವಾರ ಧಣಿಗಳ ಆಫೀಸಿಗೆ ಹೋದೆ. ಒಂದನೇ ತಾರೀಕಿಗೆ ಎರಡು ದಿನವಿತ್ತು. ವಾಸಣ್ಣನನ್ನೂ ಬರಹೇಳಿದ್ದೆ. ಎರಡು ಹೊತ್ತಿನ ಅಂಕಿಗಳನ್ನು ತೋರಿಸಿ, ಬಸ್ಸಿನ ವೇಗ ನಲವತ್ತನಾಲ್ಕು, ನನ್ನ ಮೊದಲ ಲೆಕ್ಕ ತಪ್ಪು ಎಂದೆ.

"ಬಾಯಲ್ಲಿ ಬೇಡ," ಎಂದರು ಧಣಿಗಳು. "ಅದನ್ನು ಬರೆದು ಕೊಟ್ಟಿರಲ್ಲ, ಇದನ್ನೂ ಬರೆಯಿರಿ."

ಬರೆದೆ. 'ನಾನು ರಸ್ತೆಯನ್ನು ನೋಡದೆ ಲೆಕ್ಕ ಹಾಕಿದ್ದೆ' ಎಂಬ ವಾಕ್ಯ ನನ್ನ ಸರ್ವೀಸಿನ ಅತ್ಯಂತ ಕಷ್ಟದ ಬರವಣಿಗೆ. ಈ ಸಲ ದಶಮಾಂಶ ಹಾಕಲಿಲ್ಲ.

ಧಣಿಗಳು ಓದಿದರು. "ಅಜ್ಜಿಯೂ ಹೇಳಿ ಕಳಿಸಿದ್ದಾರೆ. ತಾನು ಬಿದ್ದದ್ದು ಬಸ್ಸು ಓಡಿದ್ದಕ್ಕಲ್ಲ, ನಿಂತದ್ದಕ್ಕೆ ಅಂತ. ಮಗ ಕೇಳಲಿಲ್ಲವಂತೆ." ಮತ್ತೆ ವಾಸಣ್ಣನ ಕಡೆ ತಿರುಗಿದರು. "ಆದರೆ ಅಲ್ಲಿ ಜಾರ್ತದೆ ಅಂತ ನಿನಗೆ ಗೊತ್ತಿತ್ತಲ್ಲ. ನಲವತ್ತನಾಲ್ಕಾದರೂ ಯಾಕೆ?"

"ಧಣಿ ಕೊಟ್ಟ ಟೈಮಿಗೆ ಕಾಪು ಮುಟ್ಟಬೇಕಲ್ಲ."

ಧಣಿಗಳು ಗೋಡೆಯ ಮೇಲಿನ ವೇಳಾಪಟ್ಟಿ ನೋಡಿದರು. ಪೆನ್ನು ತೆಗೆದು ಕಾಪುವಿನ ಎದುರು ಎರಡು ನಿಮಿಷ ಹೆಚ್ಚಿಗೆ ಬರೆದರು. ಡ್ರಾಯರಿನಿಂದ ಕೀಲಿಕೈ ತೆಗೆದರು, ಆದರೆ ಕೈಯಿಂದ ಬಿಡಲಿಲ್ಲ.

"ಒಂದು ಶರ್ತ. ದುಬೈಯವನಿಗೆ ನಾನು ಉತ್ತರ ಕೊಡಬೇಕು. ಬಸ್ಸಿನ ಮೀಟರು ಕೆಟ್ಟಿದೆ. ಒಂದು ತಿಂಗಳು ಈ ಮೇಷ್ಟ್ರೇ ಮೀಟರು. ದಿನಾ ಆ ಜಾಗದಲ್ಲಿ ಸ್ಪೀಡು ಎಷ್ಟು ಅಂತ ಬರೆದು ತಿಂಗಳ ಕೊನೆಗೆ ನನಗೆ ಕೊಡಬೇಕು. ಮೂವತ್ತರ ಮೇಲೆ ಒಂದು ದಿನ ಹೋದರೂ ಕೀಲಿಕೈ ವಾಪಸ್ಸು."

"ಮೀಟರು ರಿಪೇರಿ ಮಾಡಿಸಬಹುದಲ್ಲ?" ಎಂದೆ.

"ತಪ್ಪು ಮಾಡಿದ್ದು ಮೀಟರಲ್ಲ," ಎಂದರು.

ಹೀಗೆ ನಾನು ಒಂದು ತಿಂಗಳು ಬಸ್ಸಿನ ಬಿಡಿಭಾಗವಾದೆ. ಆ ಜಾಗದ ಈ ಕಡೆ ಮತ್ತು ಆ ಕಡೆ ಇರುವ ಎರಡು ಕಲ್ಲುಗಳ ಅಂತರವನ್ನು ಟೇಪು ಹಿಡಿದು ಅಳೆದಿದ್ದೆ. ಪೂರ್ತಿ ಅಳೆದಿದ್ದೆ, ಒಂದು ತುದಿಯಲ್ಲಿ ಮಾತ್ರ ಅಲ್ಲ. ಮೊದಲ ಕಲ್ಲು ದಾಟುವಾಗ ಸ್ಟಾಪ್‌ವಾಚ್ ಒತ್ತಬೇಕು, ಎರಡನೆಯದಕ್ಕೆ ನಿಲ್ಲಿಸಬೇಕು, ಪುಸ್ತಕದಲ್ಲಿ ಬರೆಯಬೇಕು. ಬಲಗೈಯಲ್ಲಿ ವಾಚು, ಎಡಗೈಯಲ್ಲಿ ಪುಸ್ತಕ. ಕಲ್ಲು ತಪ್ಪಬಾರದೆಂದರೆ ಕಣ್ಣು ಬಿಟ್ಟಿರಬೇಕು. ಮೂಗಿಗೆ ಕೈ ಉಳಿಯಲಿಲ್ಲ.

ಮೊದಲ ವಾರ ಎಲ್ಲ ಒಂದೇ ನಾತ. ಎರಡನೆಯ ವಾರ ವಾಸನೆಯಲ್ಲಿ ಭೇದ ತಿಳಿಯಿತು: ಲಾರಿ ಈಗಷ್ಟೇ ಹೋದದ್ದೋ, ಬಹಳ ಹೊತ್ತಾಯಿತೋ. ಅದರ ಪ್ರಕಾರ ವಾಸಣ್ಣನ ಕಾಲು ಮೊದಲೇ ಬ್ರೇಕಿಗೆ ಹೋಗುತ್ತಿತ್ತು ಎಂಬುದನ್ನೂ ಆಗಲೇ ನೋಡಿದೆ. ನಾನು ಎಂಟು ತಿಂಗಳು ತಡೆಹಿಡಿದಿದ್ದನ್ನು ಅವನು ವರ್ಷಗಟ್ಟಲೆ ಉಪಕರಣದ ಹಾಗೆ ಬಳಸಿದ್ದ.

ಇಡೀ ತಿಂಗಳು ಅವನು ನನ್ನೊಡನೆ ಮಾತಾಡಲಿಲ್ಲ. ನಾನೂ ಚಲನಶಕ್ತಿಯ ವಿಷಯ ಎತ್ತಲಿಲ್ಲ. ವೇಗ ಇಪ್ಪತ್ತೆಂಟನ್ನು ಒಂದು ದಿನವೂ ದಾಟಲಿಲ್ಲ. ಒಂದು ದಿನ ನನ್ನ ಲೆಕ್ಕದಲ್ಲಿ ಮೂವತ್ತೊಂದು ಬಂತು. ಸಂಜೆ ಮತ್ತೆ ನೋಡಿದರೆ ಭಾಗಾಕಾರದಲ್ಲಿ ನನ್ನದೇ ತಪ್ಪಿತ್ತು. ಮೂರು ಸಲ ಪರೀಕ್ಷಿಸಿ ಇಪ್ಪತ್ತೇಳು ಎಂದು ತಿದ್ದಿ, ಪಕ್ಕದಲ್ಲಿ ಸಹಿ ಹಾಕಿದೆ.

ತಿಂಗಳ ಕೊನೆಗೆ ಪಟ್ಟಿಯನ್ನು ಧಣಿಗಳಿಗೆ ಕೊಟ್ಟೆ. ಅವರು ಅದನ್ನು ಬಿಡಿಸದೆ, ನನ್ನ ಮೂರು ಪತ್ರಗಳ ಮೇಲಿಟ್ಟು, "ಆಯಿತು," ಎಂದರು.

ಮರುದಿನ ಬೆಳಿಗ್ಗೆ ಬಸ್ಸು ಹತ್ತಿದಾಗ ನನ್ನ ಸೀಟಿನ ಮೇಲೆ ವಾಸಣ್ಣನ ಬೈರಾಸು ಟವೆಲು ಹಾಸಿತ್ತು. ಬೇರೆಯವರು ಕೂರದ ಹಾಗೆ. ನಾನು ಕೂತ ಮೇಲೆ ಅದನ್ನು ತೆಗೆದು ಹೆಗಲಿಗೆ ಹಾಕಿಕೊಂಡ. ಕಾಪು ಹತ್ತಿರವಾಯಿತು. ಮೊದಲ ಕಲ್ಲು ಕಂಡಿತು, ಬಸ್ಸು ನಿಧಾನವಾಯಿತು. ನನ್ನ ಎರಡೂ ಕೈ ಖಾಲಿ ಇದ್ದವು. ಅವನು ಕನ್ನಡಿಯಲ್ಲಿ ನೋಡಿದ.

"ತಿಂಗಳು ಮುಗಿಯಿತಲ್ಲ ಮೇಷ್ಟ್ರೇ. ಇನ್ನು ಮುಚ್ಚಿಕೊಳ್ಳಬಹುದು."

"ಬೇಡ," ಎಂದೆ. "ಲಾರಿ ಈಗಷ್ಟೇ ಹೋಗಿದೆ. ಸ್ವಲ್ಪ ನಿಧಾನ."

"ಹೌದಾ?" ಎಂದ ವಾಸಣ್ಣ. ಅವನ ಕಾಲು ಆಗಲೇ ಬ್ರೇಕಿನ ಮೇಲಿತ್ತು.